ಗಾಳಿ ಹೋದರೆ ಬಿಸಿ ಬಂತು

ಜನವರಿಯ ಒಂದು ರಾತ್ರಿ ಎಂಟು ಗಂಟೆ. ಊಟಕ್ಕೆ ಕೂರಬೇಕು ಎನ್ನುವಷ್ಟರಲ್ಲಿ ಫೋನು ಬಂತು. "ಸಾರ್, ನಾನು ಸಾರ್. ರೀಲರ್ ಮಗಳು. ಹತ್ತನೇ ಕ್ಲಾಸಿನಲ್ಲಿ ಕೊನೇ ಬೆಂಚು" ಎಂದಿತು ಆ ಕಡೆಯ ದನಿ. ಮೇಷ್ಟ್ರುಗಳಿಗೆ ಮೊದಲ ಬೆಂಚಿನವರ ಹೆಸರು ನೆನಪಿರುತ್ತದೆ, ಕೊನೇ ಬೆಂಚಿನವರ ಮುಖ ನೆನಪಿರುತ್ತದೆ. ಈ ಹುಡುಗಿಯ ಮುಖ ತಕ್ಷಣ ಕಣ್ಣ ಮುಂದೆ ಬಂತು. ಅಪ್ಪನಿಗೆ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಘಟಕ. ತಾಯಿ ಮಾಗಡಿ ಕಡೆಯವರು. ಈಗ ಆಕೆ ಗಂಡ, ಮಗುವಿನೊಂದಿಗೆ ನ್ಯೂಯಾರ್ಕಿನ ಕ್ವೀನ್ಸ್ ಎಂಬ ಕಡೆ ಒಂದು ಹಳೆಯ ಮನೆ ಕೊಂಡು ವಾಸವಾಗಿದ್ದಾಳೆ. ನಮಗೆ ರಾತ್ರಿ ಎಂಟಾದರೆ ಚಳಿಗಾಲದಲ್ಲಿ ಅಲ್ಲಿ ಬೆಳಿಗ್ಗೆ ಒಂಬತ್ತೂವರೆ.

"ಅಮ್ಮ ಬಂದಿದ್ದಾರೆ ಸಾರ್. ಆದರೆ ಊರಿಗೆ ಹೊರಟು ನಿಂತಿದ್ದಾರೆ. ನೀವೇ ಮಾತಾಡಿ" ಎಂದು ಫೋನು ತಾಯಿಯ ಕೈಗೆ ಕೊಟ್ಟಳು.

"ನಮಸ್ಕಾರ ಮೇಷ್ಟ್ರೇ. ಈ ಮನೇಲಿ ಹಾಲ್‌ನಲ್ಲಿ ಕೂತ್ರೆ ಏಪ್ರಿಲ್ ತಿಂಗಳ ರಾಯಚೂರು. ನನ್ನ ರೂಮಿಗೆ ಹೋದ್ರೆ ಊಟಿ. ಹಾಲ್‌ನಲ್ಲಿ ಸೆಕೆ ಅಂತ ಕಿಟಕಿ ತೆಗೀತಾರೆ, ನಾನು ರೂಮಲ್ಲಿ ಎರಡು ಸ್ವೆಟರು ಹಾಕ್ಕೊಂಡು ಮಲಗ್ತೀನಿ. ಮೊಮ್ಮಗನ್ನ ಪಕ್ಕದಲ್ಲಿ ಮಲಗಿಸ್ಕೊಳ್ಳೋಕೂ ಭಯ. ಟಿಕೆಟ್ ಮಾಡ್ಸು ಅಂದುಬಿಟ್ಟಿದ್ದೀನಿ."

ನಮ್ಮ ಧನುರ್ಮಾಸದ ಚಳಿಗೆ ಒಂದು ಶಾಲು ಸಾಕು. ಅಲ್ಲಿ ಹೊರಗೆ ನೀರು ಹೆಪ್ಪುಗಟ್ಟುವ ಚಳಿ. ಮನೆಯ ಬಿಸಿ ಅಲ್ಲಿ ಕಾನೂನಿನ ವಿಷಯ. ನ್ಯೂಯಾರ್ಕ್ ನಗರದಲ್ಲಿ ಅಕ್ಟೋಬರ್ 1ರಿಂದ ಮೇ 31ರವರೆಗೆ, ಹಗಲಿನಲ್ಲಿ ಹೊರಗಿನ ಉಷ್ಣತೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ, ಬಾಡಿಗೆ ಮನೆಯೊಳಗೆ ಕನಿಷ್ಠ 68 ಡಿಗ್ರಿ ಇರುವಂತೆ ಮಾಲೀಕ ನೋಡಿಕೊಳ್ಳಬೇಕು. ಅಂದರೆ ನಮ್ಮ ಲೆಕ್ಕದಲ್ಲಿ 20 ಡಿಗ್ರಿ ಸೆಲ್ಸಿಯಸ್. ಸ್ವಂತ ಮನೆಯಾದರೆ ಯಾರನ್ನು ಕೇಳುವುದು? ನಾವೇ ನೋಡಿಕೊಳ್ಳಬೇಕು.

ಅವರ ಮನೆಯಲ್ಲಿ ಇರುವುದು ಹಬೆಯಿಂದ ಬಿಸಿ ಮಾಡುವ ಹಳೆಯ ಏರ್ಪಾಡು. ಅದೇನೆಂದು ಮೊದಲು ಹೇಳುತ್ತೇನೆ.

ನೆಲಮಾಳಿಗೆಯಲ್ಲಿ ಒಂದು ಬಾಯ್ಲರ್. ಅದರಲ್ಲಿ ನೀರು ಕುದಿಯುತ್ತದೆ. ಹಬೆ ದಪ್ಪ ಕೊಳವೆಗಳಲ್ಲಿ ಹೊರಟು, ಕವಲೊಡೆದು, ಕೋಣೆ ಕೋಣೆಗೂ ಹೋಗುತ್ತದೆ. ಪ್ರತಿ ಕೋಣೆಯ ಕಿಟಕಿಯ ಕೆಳಗೆ ಬೀಡು ಕಬ್ಬಿಣದ ಒಂದು ರೇಡಿಯೇಟರ್ ನಿಂತಿರುತ್ತದೆ. ಸಾಲಾಗಿ ಜೋಡಿಸಿದ ಟೊಳ್ಳು ಕಂಬಗಳು ಎಂದುಕೊಳ್ಳಿ. ಹಬೆ ಅದರೊಳಗೆ ಹೊಕ್ಕು ತಣ್ಣನೆಯ ಕಬ್ಬಿಣವನ್ನು ತಾಕಿ ನೀರಾಗುತ್ತದೆ. ನೀರಾಗುವಾಗ ತನ್ನ ಶಾಖವನ್ನು ಕಬ್ಬಿಣಕ್ಕೆ ಕೊಡುತ್ತದೆ, ಕಬ್ಬಿಣ ಕೋಣೆಗೆ ಕೊಡುತ್ತದೆ. ಆ ನೀರು ಬಂದ ದಾರಿಯಲ್ಲೇ ಬಾಯ್ಲರಿಗೆ ಹಿಂತಿರುಗುತ್ತದೆ. ಒಂದೇ ಕೊಳವೆ: ಹಬೆ ಮೇಲಕ್ಕೆ, ನೀರು ಕೆಳಕ್ಕೆ.

ಹಬೆಯನ್ನೇ ಏಕೆ ಆರಿಸಿಕೊಂಡರು? ಗುಪ್ತೋಷ್ಣದ ಪಾಠ ನೆನಪು ಮಾಡಿಕೊಳ್ಳಿ. ಒಂದು ಗ್ರಾಂ ನೀರು 100 ಡಿಗ್ರಿಯಿಂದ 60 ಡಿಗ್ರಿಗೆ ತಣ್ಣಗಾದರೆ ಕೊಡುವುದು 40 ಕ್ಯಾಲೊರಿ. ಒಂದು ಗ್ರಾಂ ಹಬೆ 100 ಡಿಗ್ರಿಯಲ್ಲೇ ಇದ್ದು ಬರೀ ನೀರಾದರೆ ಕೊಡುವುದು 540 ಕ್ಯಾಲೊರಿ. ಹದಿಮೂರು ಪಟ್ಟಿಗೂ ಹೆಚ್ಚು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುವ ಈ 540 ಎಂಬ ಸಂಖ್ಯೆ ಒಂದು ಇಡೀ ಮನೆಯನ್ನು ಬೆಚ್ಚಗಿಡುತ್ತದೆ. ಕುದಿಯುವ ನೀರಿಗಿಂತ ಇಡ್ಲಿ ಪಾತ್ರೆಯ ಹಬೆ ಕೈಯನ್ನು ಜೋರಾಗಿ ಸುಡುವುದಕ್ಕೂ ಇದೇ ಕಾರಣ.

ಈಗ ಒಂದು ಪ್ರಶ್ನೆ. ಹಬೆ ಬರುವ ಮೊದಲು ಆ ಟೊಳ್ಳು ಕಬ್ಬಿಣದೊಳಗೆ ಏನಿತ್ತು? "ಏನೂ ಇರಲಿಲ್ಲ ಸಾರ್" ಎನ್ನುತ್ತಾರೆ ಮಕ್ಕಳು. ಅಲ್ಲ. ಗಾಳಿ ಇತ್ತು. ಕೊಳವೆಯ ತುಂಬ ಗಾಳಿ, ರೇಡಿಯೇಟರಿನ ತುಂಬ ಗಾಳಿ. ಆ ಗಾಳಿ ಹೊರಗೆ ಹೋಗದ ಹೊರತು ಹಬೆ ಒಳಗೆ ಬರುವುದಿಲ್ಲ. ಅದಕ್ಕಾಗಿಯೇ ಪ್ರತಿ ರೇಡಿಯೇಟರಿನ ಕೊನೆಯ ಕಂಬದ ಪಕ್ಕಕ್ಕೆ ಹೆಬ್ಬೆರಳು ಗಾತ್ರದ ಒಂದು ಸಾಧನ ಸಿಕ್ಕಿಸಿರುತ್ತಾರೆ. ಅದೇ ಏರ್ ವೆಂಟ್. ಗಾಳಿ ಬಂದರೆ ಅದು ಬಿಡುತ್ತದೆ. ಹಬೆ ಬಂದು ತಾಕಿದರೆ ಒಳಗಿರುವ ಪುಟ್ಟ ಡಬ್ಬಿಯಲ್ಲಿನ ದ್ರವ ಬಿಸಿಯಾಗಿ ಉಬ್ಬಿ, ಒಂದು ಸೂಜಿಯನ್ನು ಮೇಲೆತ್ತಿ ಬಾಯಿ ಮುಚ್ಚುತ್ತದೆ. ಕೆಲವದರಲ್ಲಿ ದ್ರವದ ಬದಲು ಎರಡು ಲೋಹಗಳ ಪಟ್ಟಿ ಬಾಗಿ ಈ ಕೆಲಸ ಮಾಡುತ್ತದೆ. ತಣ್ಣಗಾದಾಗ ಮತ್ತೆ ಬಾಯಿ ತೆರೆದು ಹೊರಗಿನ ಗಾಳಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಕರೆಂಟು ಬೇಡ, ಆಳು ಬೇಡ.

ಇಷ್ಟು ತಿಳಿದಿದ್ದ ನಾನು, ಆ ರಾತ್ರಿ ಫೋನಿನಲ್ಲಿ ಜಾಣತನ ತೋರಿಸಿದೆ. "ಅಮ್ಮನ ಕೋಣೆಯ ರೇಡಿಯೇಟರಿನಿಂದ ಗಾಳಿ ಬೇಗ ಹೋಗುತ್ತಿಲ್ಲ ಕಣಮ್ಮ. ಅಂಗಡಿಯಲ್ಲಿ ಸಿಗುವ ದೊಡ್ಡ ಬಾಯಿಯ ವೆಂಟು ತಂದು ಹಾಕು. ಸರಿಹೋಗುತ್ತೆ" ಎಂದೆ. ಹುಡುಗಿ ಮೇಷ್ಟ್ರ ಮಾತು ಕೇಳಿದಳು. ಇದ್ದುದರಲ್ಲಿ ದೊಡ್ಡದನ್ನೇ ತಂದು ಹಾಕಿದಳು.

ಮೂರು ದಿನ ಬಿಟ್ಟು ಮತ್ತೆ ಫೋನು. "ಸಾರ್, ಈಗ ರಾತ್ರಿಯೆಲ್ಲಾ ರೇಡಿಯೇಟರ್ ಗೊರಗೊರ ಅನ್ನುತ್ತೆ. ವೆಂಟಿನಿಂದ ನೀರು ಉಗುಳುತ್ತೆ. ಒಂದೊಂದು ಸಲ ಕೊಳವೆಗೆ ಸುತ್ತಿಗೆಯಲ್ಲಿ ಹೊಡೆದಂಗೆ ಸದ್ದು. ಮಗು ಎದ್ದು ಅಳುತ್ತೆ. ಕೋಣೆ ಮಾತ್ರ ಹಾಗೇ ತಣ್ಣಗಿದೆ."

ನನಗೆ ನಾಚಿಕೆಯಾಯಿತು. ಮೂವತ್ತು ವರ್ಷ ಪಾಠ ಹೇಳಿದವನು ಸೂತ್ರವನ್ನು ಸರಿಯಾಗಿ ಹೇಳಿ ಲೆಕ್ಕವನ್ನು ತಪ್ಪು ಮಾಡಿದ್ದೆ.

ಮಾರನೇ ದಿನ ಬೆಳಿಗ್ಗೆ ಆ ಹುಡುಗಿಯ ಅಪ್ಪನ ಘಟಕಕ್ಕೆ ಹೋದೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ ನಮ್ಮ ರಾಮನಗರದ್ದು. ಅಲ್ಲಿಂದ ಬಂದ ಗೂಡನ್ನು ಬೇಯಿಸಿ ನೂಲು ತೆಗೆಯುವುದು ಯಜಮಾನರ ಕೆಲಸ. ಹೆಂಡತಿ ಮಗಳ ಮನೆಗೆ ಹೋಗಿದ್ದಾರೆ, ಇವರು ವ್ಯಾಪಾರ ಬಿಟ್ಟು ಹೋಗಲಾರದೆ ಉಳಿದಿದ್ದಾರೆ. "ಬನ್ನಿ ಮೇಷ್ಟ್ರೇ, ಮಗಳು ಎಲ್ಲಾ ಹೇಳಿದ್ಲು" ಎಂದು ನಕ್ಕರು. ನಾನು ತಲೆ ತಗ್ಗಿಸಿದೆ.

ಅವರು ಬೇಯಿಸುವ ತೊಟ್ಟಿಯ ಹತ್ತಿರ ಕರೆದುಕೊಂಡು ಹೋದರು. ಒಂದು ಗೂಡಿನಲ್ಲಿ ನೂರಾರು ಮೀಟರ್ ಉದ್ದದ ಒಂದೇ ಎಳೆ ಇರುತ್ತದೆ. ಎಳೆಗಳನ್ನು ಒಂದಕ್ಕೊಂದು ಅಂಟಿಸಿರುವುದು ಸೆರಿಸಿನ್ ಎಂಬ ಅಂಟು. ಆ ಅಂಟು ಮೆತ್ತಗಾಗಬೇಕಾದರೆ ಬಿಸಿ ನೀರು ಗೂಡಿನ ಗೋಡೆಯೊಳಕ್ಕೆ ಇಳಿಯಬೇಕು. ಆದರೆ ಗೂಡಿನ ಒಳಗೆಲ್ಲ ಗಾಳಿ. ಬರೀ ನೀರಿಗೆ ಹಾಕಿದರೆ ತೇಲುತ್ತದೆ. ಅದಕ್ಕಾಗಿ ಮೊದಲು ಕುದಿಯುವುದಕ್ಕೆ ಹತ್ತಿರದ ನೀರಿನಲ್ಲಿ ಅದ್ದುತ್ತಾರೆ. ಒಳಗಿನ ಗಾಳಿ ಉಬ್ಬಿ ಗುಳ್ಳೆ ಗುಳ್ಳೆಯಾಗಿ ಹೊರಬೀಳುತ್ತದೆ, ಅದರ ಜಾಗಕ್ಕೆ ಹಬೆ ಬರುತ್ತದೆ. ತಕ್ಷಣ ಗೂಡನ್ನು ಸುಮಾರು 65 ಡಿಗ್ರಿಯ ನೀರಿಗೆ ಎತ್ತಿ ಹಾಕುತ್ತಾರೆ. ಒಳಗಿನ ಹಬೆ ನೀರಾಗಿ ಕುಗ್ಗಿ, ಜಾಗ ಖಾಲಿಯಾಗಿ, ಸುತ್ತಲಿನ ನೀರು ಸೊರ್ರನೆ ಒಳಗೆ ನುಗ್ಗುತ್ತದೆ. ಒಂದು ಪಾಲು ನೀರು ಕುದಿದರೆ ಸುಮಾರು 1700 ಪಾಲು ಹಬೆಯಾಗುತ್ತದೆ. ಹಬೆ ಮತ್ತೆ ನೀರಾದರೆ ಆ 1700 ಮರಳಿ ಒಂದಕ್ಕೆ ಇಳಿಯುತ್ತದೆ. ಗೂಡು ನೀರು ಕುಡಿಯುವುದು ಈ ಲೆಕ್ಕದಿಂದ.

"ಗಾಳಿ ಹೋಗ್ದೆ ನೀರು ಹೊಕ್ಕಲ್ಲ ಮೇಷ್ಟ್ರೇ. ಹಂಗಂತ ಗಡಿಬಿಡಿ ಮಾಡಿ ಬೇಯಿಸಿದ್ರೆ ಒಂದು ಗೂಡು ಬೆಂದು ಕರಗೋಗ್ತದೆ, ಇನ್ನೊಂದು ಹಸಿಯಾಗೇ ಇರ್ತದೆ. ಎಲ್ಲಾ ಗೂಡೂ ಒಂದೇ ಹದಕ್ಕೆ ಬರ್ಬೇಕು" ಎಂದರು ಯಜಮಾನರು.

ಎಲ್ಲಾ ಗೂಡೂ ಒಂದೇ ಹದಕ್ಕೆ. ಅಲ್ಲಿಯೇ ನನ್ನ ತಪ್ಪು ಹೊಳೆಯಿತು. ನಾನು ಒಂದು ಕೋಣೆಯನ್ನು ಮಾತ್ರ ನೋಡಿದ್ದೆ. ಮನೆಯನ್ನು ನೋಡಿರಲಿಲ್ಲ.

ಆ ಸಂಜೆ ವಿಡಿಯೋ ಕರೆ ಮಾಡಿ, "ಅಮ್ಮನ ಕೋಣೆ ಬಿಡು. ನೆಲಮಾಳಿಗೆಗೆ ಇಳಿ" ಎಂದೆ. ಬಾಯ್ಲರಿನಿಂದ ಹೊರಟ ಮುಖ್ಯ ಕೊಳವೆ ಮನೆಯ ಉದ್ದಕ್ಕೂ ಹೋಗಿತ್ತು. ದಪ್ಪ ಎರಡು ಅಂಗುಲ, ಉದ್ದ ಸುಮಾರು 50 ಅಡಿ. ಇದರಲ್ಲಿ ಎಷ್ಟು ಗಾಳಿ ಹಿಡಿಯುತ್ತದೆ? ಮಕ್ಕಳೇ, ಸಿಲಿಂಡರಿನ ಘನಫಲ ಇಲ್ಲಿ ಬಂತು ನೋಡಿ. ತ್ರಿಜ್ಯ ಒಂದು ಅಂಗುಲ, ಅಂದರೆ 2.54 ಸೆಂಟಿಮೀಟರ್. ಉದ್ದ 50 ಅಡಿ, ಅಂದರೆ 1524 ಸೆಂಟಿಮೀಟರ್. ತ್ರಿಜ್ಯದ ವರ್ಗವನ್ನು ಪೈನಿಂದ ಗುಣಿಸಿ, ಉದ್ದದಿಂದ ಗುಣಿಸಿ. ಸುಮಾರು 31 ಲೀಟರ್ ಬರುತ್ತದೆ. ನೀರು ತರುವ ಎರಡು ಬಿಂದಿಗೆಯಷ್ಟು ಗಾಳಿ.

ಈ ಗಾಳಿ ಹೋಗಲಿಕ್ಕೆಂದೇ ಮುಖ್ಯ ಕೊಳವೆಯ ತುದಿಯಲ್ಲಿ ಒಂದು ದೊಡ್ಡ ವೆಂಟು ಇರಬೇಕು. ಅದನ್ನು ಮೇನ್ ವೆಂಟ್ ಎನ್ನುತ್ತಾರೆ. ಆ ಮನೆಯಲ್ಲಿ ಅದು ಇತ್ತು, ಆದರೆ ಯಾವ ಕಾಲದಲ್ಲೋ ತುಕ್ಕು ಹಿಡಿದು, ಅದರ ಮೇಲೆ ಯಾರೋ ಬಣ್ಣವನ್ನೂ ಬಳಿದಿದ್ದರು. ಕೆಲಸ ಮಾಡುತ್ತಿದೆಯೇ ಎಂದು ನೋಡುವುದು ಹೇಗೆ? ದೇವರ ಮನೆಯಿಂದ ಒಂದು ಊದುಬತ್ತಿ ತರಲು ಹೇಳಿದೆ. ಬಾಯ್ಲರ್ ಹೊತ್ತಿಕೊಂಡ ಮೇಲೆ ಊದುಬತ್ತಿಯನ್ನು ವೆಂಟಿನ ಬಾಯಿಯ ಹತ್ತಿರ ಹಿಡಿದಳು. ಗಾಳಿ ಹೊರಬರುತ್ತಿದ್ದರೆ ಹೊಗೆ ಪಕ್ಕಕ್ಕೆ ಸರಿಯಬೇಕು. ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ವೆಂಟು ಸತ್ತಿತ್ತು.

ಈಗ ಏನಾಗುತ್ತಿತ್ತು ಯೋಚಿಸಿ. ಮುಖ್ಯ ಕೊಳವೆಯ 31 ಲೀಟರ್ ಗಾಳಿಗೆ ತನ್ನದೇ ಬಾಗಿಲು ಇಲ್ಲ. ಅಷ್ಟೂ ಗಾಳಿ ಕೋಣೆಗಳ ಪುಟ್ಟ ವೆಂಟುಗಳ ಮೂಲಕವೇ ನುಸುಳಬೇಕು. ಬಾಯ್ಲರಿಗೆ ಹತ್ತಿರದ ಹಾಲ್‌ನ ರೇಡಿಯೇಟರಿಗೆ ಹಬೆ ಮೊದಲು ತಲುಪುತ್ತದೆ. ಕೊಳವೆಯ ಕೊನೆಯಲ್ಲಿರುವ ಅಮ್ಮನ ಕೋಣೆಗೆ ಹಬೆ ಹೋಗಬೇಕಾದರೆ, ಮುಂದಿರುವ ಗಾಳಿಯನ್ನೆಲ್ಲ ಅಷ್ಟು ದೂರ ತಳ್ಳಿಕೊಂಡು ಹೋಗಬೇಕು. ಸಂತೆಯ ದಿನ ಒಂದೇ ಬಾಗಿಲಿನ ಬಸ್ಸಿನಲ್ಲಿ ಇಳಿಯುವವರು ಇಳಿಯದೆ ಹತ್ತುವವರು ಹತ್ತಲಾಗದು. ಹಾಗೆ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಬಾಯ್ಲರನ್ನು ಹೊತ್ತಿಸಿ ಆರಿಸುವುದು ಥರ್ಮೋಸ್ಟಾಟ್ ಎಂಬ ಸಾಧನ. ಅದು ಇರುವುದು ಹಾಲ್‌ನ ಗೋಡೆಯ ಮೇಲೆ. ಹಾಲ್ ಬೆಚ್ಚಗಾದರೆ ಸಾಕು, ಅದರ ಲೆಕ್ಕದಲ್ಲಿ ಇಡೀ ಮನೆ ಬೆಚ್ಚಗಾಯಿತು. ಬಾಯ್ಲರ್ ಆರಿಸಿಬಿಡುತ್ತದೆ. ಹುಡುಗಿಗೆ ಗಡಿಯಾರ ಇಟ್ಟುಕೊಂಡು ಬರೆದುಕೊಳ್ಳಲು ಹೇಳಿದೆ. ಹಾಲ್‌ನ ರೇಡಿಯೇಟರ್ ಪೂರ್ತಿ ಬಿಸಿಯಾಗಿದ್ದು 9 ನಿಮಿಷಕ್ಕೆ. ಬಾಯ್ಲರ್ ಆರಿದ್ದು 26 ನಿಮಿಷಕ್ಕೆ. ಅಮ್ಮನ ಕೋಣೆಯ ರೇಡಿಯೇಟರಿಗೆ ಹಬೆ ತಲುಪಬೇಕಾದರೆ ಅರ್ಧ ಗಂಟೆಗೂ ಮೇಲೆ ಬೇಕು. ಹಬೆ ಹೊಸ್ತಿಲ ತನಕ ಬಂದು ದಿನವೂ ವಾಪಸ್ ಹೋಗುತ್ತಿತ್ತು.

ನಾನು ಹಾಕಿಸಿದ ದೊಡ್ಡ ವೆಂಟು ಏಕೆ ಗಲಾಟೆ ಮಾಡಿತು? ಹಿಂದಿನ ಸಲ ಬಾಯ್ಲರ್ ಆರಿದ ಮೇಲೆ ದಾರಿಯಲ್ಲಿ ನೀರಾಗಿ ನಿಂತಿದ್ದ ಹಬೆ, ಮುಖ್ಯ ಕೊಳವೆಗಿಂತ ಸಣ್ಣದಾದ ಆ ಕವಲು ಕೊಳವೆಯಲ್ಲೇ ಕೆಳಗೆ ಬರಬೇಕು. ದೊಡ್ಡ ಬಾಯಿ ಇದ್ದರೆ ಹಬೆ ರಭಸದಿಂದ ನುಗ್ಗುತ್ತದೆ. ಕೆಳಗಿಳಿಯುವ ನೀರನ್ನು ಹಿಡಿದು ಮೇಲಕ್ಕೆ ಎಸೆಯುತ್ತದೆ. ಆ ನೀರೇ ಗೊರಗೊರ ಎಂದಿದ್ದು, ಉಗುಳಿದ್ದು, ಕೊಳವೆಗೆ ಬಡಿದಿದ್ದು. ಕಿರಿದಾದ ಮೆಟ್ಟಿಲಲ್ಲಿ ಮೇಲಿನಿಂದ ಇಳಿಯುವ ಮಕ್ಕಳ ನಡುವೆ ಕೆಳಗಿನಿಂದ ಓಡುವ ಮಕ್ಕಳು ನುಗ್ಗಿದ ಹಾಗೆ.

ಹಾಗಾದರೆ ವೆಂಟು ಆರಿಸುವ ಕ್ರಮ ಏನು? ಹೊರದೇಶದಲ್ಲಿ ಮಕ್ಕಳಿರುವ ತಂದೆ ತಾಯಂದಿರು ನಮ್ಮ ತಾಲ್ಲೂಕುಗಳಲ್ಲಿ ಈಗ ಕಡಿಮೆಯಿಲ್ಲ. ಅದಕ್ಕಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲನೆಯದು, ಅದು ಹಬೆಯ ರೇಡಿಯೇಟರೇ ಎಂದು ಗೊತ್ತುಮಾಡಿಕೊಳ್ಳಿ. ಒಂದೇ ಕೊಳವೆ ಬಂದಿದ್ದು, ಎದುರು ತುದಿಯಲ್ಲಿ ಅರ್ಧ ಎತ್ತರದ ಆಸುಪಾಸಿನಲ್ಲಿ ವೆಂಟು ಇದ್ದರೆ ಅದು ಹಬೆಯದು. ಬಿಸಿ ನೀರು ಹರಿಯುವ ರೇಡಿಯೇಟರಿಗೆ ಗಾಳಿ ಬಿಡುವ ತಿರುಪು ತುತ್ತತುದಿಯಲ್ಲಿರುತ್ತದೆ. ಏಕೆ ಈ ವ್ಯತ್ಯಾಸ? ನೀರಿಗಿಂತ ಗಾಳಿ ಹಗುರ, ಮೇಲೆ ಸೇರುತ್ತದೆ. ಆದರೆ ಹಬೆಗಿಂತ ಗಾಳಿ ಭಾರ. ನೀರಿನ ಅಣುತೂಕ 18, ಗಾಳಿಯದು ಸರಾಸರಿ 29. ಹಬೆ ಮೇಲೆ ಹರಡುತ್ತದೆ, ಗಾಳಿ ಕೆಳಗೆ ಉಳಿಯುತ್ತದೆ. ವೆಂಟಿನ ಜಾಗ ನೋಡಿದರೆ ಒಳಗೆ ಏನು ಹರಿಯುತ್ತದೆ ಎಂದು ಹೇಳಬಹುದು.

ಎರಡನೆಯದು, ರೇಡಿಯೇಟರಿನ ಬುಡದ ವಾಲ್ವು ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಅರ್ಧ ತೆರೆದರೆ ಹಬೆ ಹೋಗುತ್ತದೆ, ನೀರು ವಾಪಸ್ ಬರಲಾರದೆ ಒಳಗೇ ನಿಲ್ಲುತ್ತದೆ. ರೇಡಿಯೇಟರ್ ವಾಲ್ವಿನ ಕಡೆಗೆ ಸ್ವಲ್ಪ ವಾಲಿರಬೇಕು. ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಬಹುದು. ಇಷ್ಟರಿಂದಲೇ ಎಷ್ಟೋ ಸಲ ಸದ್ದು ನಿಲ್ಲುತ್ತದೆ.

ಮೂರನೆಯದು, ಕೋಣೆಗಳ ವೆಂಟಿಗೆ ಕೈ ಹಾಕುವ ಮೊದಲು ಮೇನ್ ವೆಂಟ್ ಸರಿಮಾಡಿಸಿ. ಇಲ್ಲಿ ಮಾತ್ರ ದೊಡ್ಡದಾದಷ್ಟೂ ಒಳ್ಳೆಯದು. ಒಂದು ಸಾಲದಿದ್ದರೆ ಎರಡು ಹಾಕಿಸಬಹುದು. ಮುಖ್ಯ ಕೊಳವೆಯ ಗಾಳಿ ಬೇಗ ಹೋದರೆ ಹಬೆ ಎಲ್ಲ ಕವಲುಗಳ ಬಾಗಿಲಿಗೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಬಂದು ನಿಲ್ಲುತ್ತದೆ.

ನಾಲ್ಕನೆಯದು, ಆಮೇಲೆ ಕೋಣೆಗಳು. ಇಲ್ಲಿ ಲೆಕ್ಕ ತಿರುಗುಮುರುಗು. ಬಾಯ್ಲರಿಗೆ ಹತ್ತಿರದ, ಚಿಕ್ಕ ರೇಡಿಯೇಟರಿಗೆ ಸಣ್ಣ ಬಾಯಿಯ ನಿಧಾನದ ವೆಂಟು. ದೂರದ, ದೊಡ್ಡ ರೇಡಿಯೇಟರಿಗೆ ಅದಕ್ಕಿಂತ ದೊಡ್ಡದು. ಥರ್ಮೋಸ್ಟಾಟ್ ಇರುವ ಕೋಣೆ ಬೇಗ ಬಿಸಿಯಾಗುತ್ತಿದ್ದರೆ ಅದಕ್ಕೆ ಎಲ್ಲಕ್ಕಿಂತ ನಿಧಾನದ್ದು. ಗೋರ್ಟನ್ ಕಂಪನಿಯ ವೆಂಟುಗಳಲ್ಲಿ 4, 5, 6, ಸಿ, ಡಿ ಎಂಬ ಗುರುತುಗಳಿವೆ. 4 ಎಲ್ಲಕ್ಕಿಂತ ನಿಧಾನ, ಡಿ ಎಲ್ಲಕ್ಕಿಂತ ವೇಗ. ತಿರುಪು ತಿರುಗಿಸಿ ಹೆಚ್ಚು ಕಡಿಮೆ ಮಾಡಿಕೊಳ್ಳುವ ವೆಂಟುಗಳೂ ಸಿಗುತ್ತವೆ. ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ. ಒಂದು ಬದಲಿಸಿ, ಎರಡು ಮೂರು ದಿನ ನೋಡಿ, ಗಡಿಯಾರದ ಲೆಕ್ಕ ಬರೆದುಕೊಂಡು ಮುಂದಿನದಕ್ಕೆ ಹೋಗಿ. ಪ್ರಯೋಗಶಾಲೆಯ ಮೊದಲ ನಿಯಮವೂ ಅದೇ.

ಐದನೆಯದು, ಬಾಯ್ಲರಿನ ಒತ್ತಡ ಹೆಚ್ಚಿಸಿದರೆ ಬೇಗ ಬಿಸಿಯಾಗುತ್ತದೆ ಎಂದು ಕೆಲವರು ಭಾವಿಸುತ್ತಾರೆ. ಬೇಡ. ಮನೆಯ ಹಬೆಗೆ ಚದರ ಅಂಗುಲಕ್ಕೆ ಎರಡು ಪೌಂಡಿಗಿಂತ ಕಡಿಮೆ ಒತ್ತಡ ಸಾಕು. ನಮ್ಮ ಅಡುಗೆಮನೆಯ ಕುಕ್ಕರ್ ಸುಮಾರು 15 ಪೌಂಡಿನದು. ಹೆಚ್ಚು ಒತ್ತಡದಿಂದ ಉರಿಯುವುದು ಇಂಧನ, ಹಾಳಾಗುವುದು ವೆಂಟು.

ಕೊನೆಯದಾಗಿ ಎಚ್ಚರಿಕೆ. ವೆಂಟು ಬಿಚ್ಚುವ ಮೊದಲು ಬಾಯ್ಲರ್ ಆರಿಸಿ, ಕಬ್ಬಿಣ ಪೂರ್ತಿ ತಣ್ಣಗಾಗಲಿ. ಮೇನ್ ವೆಂಟ್ ಮತ್ತು ಬಾಯ್ಲರಿನ ಕೆಲಸ ಅಲ್ಲಿಯ ಲೈಸೆನ್ಸ್ ಇರುವ ಪ್ಲಂಬರಿಗೆ ಬಿಡಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಹೇಳಿ. ಚಳಿ ತಡೆಯಲಾರದೆ ಗ್ಯಾಸ್ ಒಲೆ ಹಚ್ಚಿಟ್ಟು ಕೋಣೆ ಬಿಸಿ ಮಾಡಿಕೊಳ್ಳುವುದು ಮಾತ್ರ ಎಂದಿಗೂ ಬೇಡ. ಮುಚ್ಚಿದ ಮನೆಯಲ್ಲಿ ಇಂಗಾಲದ ಮಾನಾಕ್ಸೈಡ್ ಸೇರಿಕೊಂಡರೆ ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಇದೆಲ್ಲ ಅಮೆರಿಕದ ಮನೆಯ ಮಾತಾಯಿತು, ನಮಗೇನು ಎಂದು ಕೇಳಬೇಡಿ. ಕುಕ್ಕರ್ ಇಟ್ಟಾಗ ಅಮ್ಮ ತಕ್ಷಣ ವೆಯ್ಟ್ ಹಾಕುತ್ತಾರೆಯೇ? ಇಲ್ಲ. ಮೇಲಿನ ಕೊಳವೆಯಿಂದ ಹಬೆ ಒಂದೇ ಸಮನೆ ಹೊರಬರುವವರೆಗೆ ಕಾಯುತ್ತಾರೆ. ಕಾಯುವುದು ಒಳಗಿನ ಗಾಳಿ ಹೋಗಲೆಂದು. ಜಾನ್ ಡಾಲ್ಟನ್ 1801ರಲ್ಲಿ ಹೇಳಿದ ಆಂಶಿಕ ಒತ್ತಡದ ನಿಯಮ ಇಲ್ಲಿದೆ. ಕುಕ್ಕರಿನೊಳಗೆ ಒಟ್ಟು ಎರಡು ವಾತಾವರಣದಷ್ಟು ಒತ್ತಡ ಇದೆ ಎನ್ನಿ. ಅದೆಲ್ಲ ಹಬೆಯದೇ ಆದರೆ ಒಳಗೆ ಸುಮಾರು 121 ಡಿಗ್ರಿ. ಅದರಲ್ಲಿ ಅರ್ಧ ಗಾಳಿಯದಾದರೆ ಹಬೆಯ ಪಾಲು ಒಂದೇ ವಾತಾವರಣ, ಉಷ್ಣತೆ 100 ಡಿಗ್ರಿ ಮಾತ್ರ. ಅಷ್ಟೇ ಒತ್ತಡ, ಆದರೆ ಬೇಳೆ ಬೇಯುವುದಿಲ್ಲ.

ಬೇಳೆ ಬೇಯದಿದ್ದರೆ ಇನ್ನೊಂದು ಕೂಗು ಕೂಗಿಸಬಹುದು. ಆಸ್ಪತ್ರೆಯ ಆಟೋಕ್ಲೇವ್‌ನಲ್ಲಿ ಹಾಗಲ್ಲ. ಕತ್ತರಿ, ಚಾಕುಗಳನ್ನು ಅದರಲ್ಲಿ 121 ಡಿಗ್ರಿಯ ಹಬೆಯಲ್ಲಿ ಸಾಮಾನ್ಯವಾಗಿ 15 ನಿಮಿಷ ಇಡುತ್ತಾರೆ. ಒಳಗೆ ಗಾಳಿ ಉಳಿದಿದ್ದರೆ ಒತ್ತಡದ ಮುಳ್ಳು 15 ಪೌಂಡು ತೋರಿಸಿದರೂ ರೋಗಾಣು ಬದುಕಿರುತ್ತದೆ. ಮುಳ್ಳು ಸುಳ್ಳು ಹೇಳಿಲ್ಲ. ನಾವು ಕೇಳಬೇಕಾದ ಪ್ರಶ್ನೆ ಕೇಳಿಲ್ಲ. ನಿಮ್ಮಲ್ಲಿ ಮುಂದೆ ನರ್ಸಿಂಗ್, ಲ್ಯಾಬ್ ಟೆಕ್ನಿಶಿಯನ್ ಓದುವವರು ಈ ಒಂದು ಮಾತು ನೆನಪಿಡಿ.

ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗ ಹೇಳುತ್ತೇನೆ. ಒಲೆ ಬೇಡ, ಬೆಂಕಿ ಬೇಡ. ಅರ್ಧ ಲೀಟರಿನ ಒಂದು ನೀರಿನ ಬಾಟಲಿ, ಎರಡು ಲೀಟರಿನ ಒಂದು ಬಾಟಲಿ ತೆಗೆದುಕೊಳ್ಳಿ. ದೊಡ್ಡವರ ಕೈಯಲ್ಲಿ ಎರಡರ ತಳವನ್ನೂ ಕತ್ತರಿಸಿಕೊಳ್ಳಿ. ಮುಚ್ಚಳ ಬಿಗಿಯಾಗಿರಲಿ. ಬಕೆಟ್ಟಿನ ನೀರಿನೊಳಕ್ಕೆ ನೆಟ್ಟಗೆ ಅದುಮಿ. ಮುಚ್ಚಳ ಮೇಲಿರಲಿ, ಕತ್ತರಿಸಿದ ಬಾಯಿ ಕೆಳಗಿರಲಿ. ನೀರು ಒಳಗೆ ಏರುವುದೇ ಇಲ್ಲ ಎನ್ನುವಷ್ಟು ಕಡಿಮೆ. ಈಗ ಎರಡೂ ಮುಚ್ಚಳಕ್ಕೆ ಒಂದೇ ಗುಂಡುಸೂಜಿಯಿಂದ ತೂತು ಮಾಡಿ ಮತ್ತೆ ಒಟ್ಟಿಗೆ ಅದುಮಿ ಹಿಡಿಯಿರಿ. ಚಿಕ್ಕದು ಬೇಗ ತುಂಬುತ್ತದೆ, ದೊಡ್ಡದು ಹಿಂದುಳಿಯುತ್ತದೆ. ದೊಡ್ಡದರ ತೂತನ್ನು ಸ್ವಲ್ಪ ಸ್ವಲ್ಪವಾಗಿ ಅಗಲ ಮಾಡುತ್ತಾ ಹೋಗಿ. ಒಂದು ಹಂತದಲ್ಲಿ ಎರಡೂ ಒಂದೇ ಹೊತ್ತಿಗೆ ತುಂಬುತ್ತವೆ. ಅಷ್ಟೇ. ವೆಂಟು ಆರಿಸುವ ವಿದ್ಯೆ ನಿಮಗೆ ಬಂತು.

ಕ್ವೀನ್ಸ್‌ನ ಮನೆಗೆ ಬರೋಣ. ಪ್ಲಂಬರ್ ಬಂದು ಹೊಸ ಮೇನ್ ವೆಂಟ್ ಹಾಕಿದ. ಹಾಲ್‌ಗೆ 4ನೇ ನಂಬರು, ಅಮ್ಮನ ಕೋಣೆಗೆ ನಾನು ಹೇಳಿದ್ದ ದೊಡ್ಡದನ್ನು ತೆಗೆದು 6ನೇ ನಂಬರು. ಒಂದು ವಾರದ ನಂತರ ಹುಡುಗಿ ಲೆಕ್ಕ ಕಳುಹಿಸಿದಳು. ಹಾಲ್ ಬಿಸಿಯಾಗಲು 16 ನಿಮಿಷ, ಅಮ್ಮನ ಕೋಣೆಗೆ 19. ಹಾಲ್‌ನ ಕಿಟಕಿ ತೆಗೆಯುವುದು ನಿಂತಿತು. ಗೊರಗೊರ ನಿಂತಿತು.

ಈ ಲೆಕ್ಕ ನೋಡುತ್ತಾ ಕುಳಿತಾಗ ನನಗೆ ನನ್ನ ತರಗತಿಯೇ ಕಾಣಿಸಿತು. ನಾನು ಪಾಠ ಹೇಳಿ "ಅರ್ಥವಾಯಿತೇ?" ಎಂದು ಕೇಳುತ್ತೇನೆ. ಮೊದಲ ಬೆಂಚಿನಿಂದ "ಆಯ್ತು ಸಾರ್" ಎಂದು ಉತ್ತರ ಬರುತ್ತದೆ. ನಾನು ಮುಂದಿನ ಪಾಠಕ್ಕೆ ಹೋಗುತ್ತೇನೆ. ಥರ್ಮೋಸ್ಟಾಟ್ ಮೊದಲ ಬೆಂಚಿನಲ್ಲಿದೆ, ಬಾಯ್ಲರ್ ಆರಿತು. ಕೊನೇ ಬೆಂಚಿಗೆ ಬಿಸಿ ಹೊಸ್ತಿಲ ತನಕ ಬಂದು ನಿಂತಿರುತ್ತದೆ. ಆಮೇಲೆ ತಂದೆ ತಾಯಿ ಬಂದಾಗ, "ಇವನಿಗೆ ಟ್ಯೂಷನ್ ಹಾಕಿಸಿ" ಎನ್ನುತ್ತೇವೆ. ದೊಡ್ಡ ವೆಂಟು ಹಾಕಿಸಿದ ಹಾಗೆ. ಮಗು ಗೊರಗೊರ ಎನ್ನುತ್ತದೆ, ಬಿಸಿಯಾಗುವುದಿಲ್ಲ. ತಣ್ಣಗಿರುವ ಕೋಣೆಯಲ್ಲಿ ದೋಷವಿರುವುದು ಕಡಿಮೆ, ದಾರಿಯಲ್ಲಿರುವುದೇ ಹೆಚ್ಚು. ಈ ವರ್ಷದಿಂದ ನಾನು "ಅರ್ಥವಾಯಿತೇ" ಎಂಬ ಪ್ರಶ್ನೆಯನ್ನು ಮೊದಲು ಕೊನೇ ಬೆಂಚಿಗೆ ಕೇಳುತ್ತಿದ್ದೇನೆ. ಪಾಠ ಸ್ವಲ್ಪ ನಿಧಾನವಾಗಿದೆ. ಮೊದಲ ಬೆಂಚಿನವರಿಗೆ ಏನೂ ನಷ್ಟವಾಗಿಲ್ಲ.

ಫೆಬ್ರವರಿಯ ಕೊನೆಯಲ್ಲಿ ಆ ತಾಯಿಯೇ ಫೋನು ಮಾಡಿದ್ದರು. "ಟಿಕೆಟ್ ಮುಂದಕ್ಕೆ ಹಾಕ್ಸಿದೆ ಮೇಷ್ಟ್ರೇ. ಮೊಮ್ಮಗ ನನ್ನ ರೂಮಲ್ಲೇ ಮಲಗ್ತಾನೆ. ಯುಗಾದಿ ಕಳೀಲಿ, ಬರ್ತೀನಿ. ನಮ್ಮನೇರಿಗೆ ಹೇಳ್ಬಿಡಿ" ಎಂದರು. ಯಜಮಾನರಿಗೆ ಹೇಳಿದೆ. ಅವರು ಒಂದು ಗೂಡು ತೆಗೆದು ನನ್ನ ಕೈಗಿಟ್ಟು, "ಹದಕ್ಕೆ ಬಂದೈತೆ, ನೋಡಿ" ಎಂದರು.